ಬೆಕ್ಕಿನ ಬಟ್ಟಲಿನ ಮೀನು, ಕೋಳಿ ಎಲ್ಲಿಂದ ಬಂತು? ನ್ಯಾಯವಾದ ಬೆಕ್ಕಿನ ಆಹಾರ ಆರಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗಡಿಯಲ್ಲಿ ಹತ್ತಾರು ಬಗೆಯ ಪ್ಯಾಕೆಟ್‌ಗಳಿವೆ. ಮೊದಲು ಏನು ನೋಡಬೇಕು?

ಪ್ಯಾಕೆಟ್ಟನ್ನು ತಿರುಗಿಸಿ ಹಿಂಬದಿ ನೋಡಿ. ಮುಂಬದಿಯ ‘ನ್ಯಾಚುರಲ್’, ‘ಪ್ರೀಮಿಯಂ’, ‘ಎಥಿಕಲ್’ ಎಂಬ ಮಾತುಗಳು, ಹಸಿರೆಲೆಯ ಚಿತ್ರ ಎಲ್ಲ ಮಾರಾಟಕ್ಕಾಗಿ ಹಾಕಿದ್ದು. ಮಾಹಿತಿ ಇರುವುದು ಹಿಂದಿನ ಸಣ್ಣ ಅಕ್ಷರದಲ್ಲಿ.

ಅಲ್ಲಿ ಮೊದಲು ‘ಕಂಪ್ಲೀಟ್’ ಎಂಬ ಪದ ಹುಡುಕಿ. ಅಂದರೆ ಅದೊಂದನ್ನೇ ತಿಂದರೂ ಬೆಕ್ಕಿಗೆ ಬೇಕಾದ ಪೋಷಕಾಂಶ ಎಲ್ಲ ಸಿಗುತ್ತದೆ. ‘ಕಾಂಪ್ಲಿಮೆಂಟರಿ’ ಎಂದಿದ್ದರೆ ಅದು ತಿನಿಸು, ಊಟವಲ್ಲ. ಜೆಲ್ಲಿಯಲ್ಲಿ ಮೀನಿನ ಚೂರು ಹಾಕಿದ ಚಿಕ್ಕ ಡಬ್ಬಿಗಳು ಎಷ್ಟೋ ಈ ಎರಡನೆಯ ಜಾತಿಯವು. ಆಮೇಲೆ ಪ್ರಾಣಿಯ ಹೆಸರು: ‘ಚಿಕನ್’, ‘ಸ್ಕಿಪ್‌ಜ್ಯಾಕ್ ಟ್ಯೂನಾ’, ‘ಸಾರ್ಡಿನ್’ ಎಂದು ಬಿಡಿಸಿ ಬರೆದಿದ್ದಾರೋ, ಬರೀ ‘ಮೀಟ್’, ‘ಓಷನ್ ಫಿಶ್’ ಎಂದು ತೇಲಿಸಿದ್ದಾರೋ ನೋಡಿ. ನಂತರ ತಯಾರಾದ ದೇಶ, ಆಮದು ಮಾಡಿದವರ ವಿಳಾಸ, ಬ್ಯಾಚ್ ಸಂಖ್ಯೆ, ಗ್ರಾಹಕರ ದೂರವಾಣಿ ಅಥವಾ ಇಮೇಲ್.

ಈ ಅನುಕ್ರಮಕ್ಕೆ ಕಾರಣವಿದೆ. ಎಷ್ಟೇ ನ್ಯಾಯವಾಗಿ ಹಿಡಿದ ಮೀನಾದರೂ ಪೋಷಕಾಂಶ ಸಾಲದೆ ಬೆಕ್ಕಿನ ಕಣ್ಣು ಹೋಗುವಂತಿದ್ದರೆ ಅದರಲ್ಲಿ ನ್ಯಾಯವೇನೂ ಉಳಿಯುವುದಿಲ್ಲ. ಪೌಷ್ಟಿಕತೆ ಮೊದಲ ಜರಡಿ, ಮೂಲದ ಪ್ರಶ್ನೆ ಎರಡನೆಯದು.

ಹಿಂಬದಿಯ ಪಟ್ಟಿಯನ್ನು ಓದುವುದು ಹೇಗೆ?

ಒಂದು ಮಾದರಿ ಪಟ್ಟಿ ತೆಗೆದುಕೊಳ್ಳೋಣ: “ಚಿಕನ್ ಮೀಲ್, ಮೆಕ್ಕೆಜೋಳ, ಅಕ್ಕಿ, ಕಾರ್ನ್ ಗ್ಲುಟನ್, ಪೌಲ್ಟ್ರಿ ಫ್ಯಾಟ್, ಫಿಶ್ ಮೀಲ್, ಡೈಜೆಸ್ಟ್, ಟಾರೀನ್, ವಿಟಮಿನ್–ಖನಿಜಗಳು.” ಮುಂಬದಿಯಲ್ಲಿ ದೊಡ್ಡದಾಗಿ ‘ಓಷನ್ ಫಿಶ್ ಫ್ಲೇವರ್’ ಎಂದಿದೆ ಅಂತಿಟ್ಟುಕೊಳ್ಳಿ.

‘ಮೀಲ್’ ಎಂದರೆ ಬೇಯಿಸಿ ಒಣಗಿಸಿದ ಪುಡಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ, ಅಂದರೆ ಬೇಯಿಸುವ ಮುಂಚಿನ ತೂಕದ ಪ್ರಕಾರ ಬರೆಯುತ್ತಾರೆ. ಇಲ್ಲಿ ಮೀನು ಆರನೆಯ ಸ್ಥಾನದಲ್ಲಿದೆ. ಹಾಗಾಗಿ ಇದು ಮೀನಿನ ವಾಸನೆ ಕೊಟ್ಟ ಕೋಳಿಯ ಆಹಾರ. ‘ಮೀನು ಎಲ್ಲಿಯದು’ ಎಂದು ಕೇಳುವ ಮುಂಚೆ ‘ಕೋಳಿ ಎಲ್ಲಿಯದು’ ಎಂದು ಕೇಳಬೇಕು. ಮೆಕ್ಕೆಜೋಳ ಮತ್ತು ಅದರದೇ ಗ್ಲುಟನ್ ಬೇರೆ ಬೇರೆಯಾಗಿ ನಿಂತಿವೆ. ಕೂಡಿಸಿದರೆ ಧಾನ್ಯವೇ ಮೊದಲ ಸ್ಥಾನಕ್ಕೆ ಬರಬಹುದು. ಇನ್ನೊಂದು ಪ್ಯಾಕೆಟ್ಟಿನಲ್ಲಿ ‘ಫ್ರೆಶ್ ಚಿಕನ್’ ಮೊದಲಿದ್ದರೆ ಹಿಗ್ಗಬೇಡಿ. ಹಸಿ ಮಾಂಸದಲ್ಲಿ ಮುಕ್ಕಾಲು ಪಾಲು ನೀರೇ, ಒಣಗಿದ ಮೇಲೆ ಅದರ ಪಾಲು ಕುಗ್ಗುತ್ತದೆ. ‘ಡೈಜೆಸ್ಟ್’ ಎಂದರೆ ಕಿಣ್ವ ಹಾಕಿ ಕರಗಿಸಿದ ಪಿತ್ತಜನಕಾಂಗ ಮುಂತಾದವು, ಬೆಕ್ಕಿಗೆ ರುಚಿ ಹತ್ತಲಿ ಎಂದು ಒಣ ಆಹಾರದ ಕಾಳಿನ ಮೇಲೆ ಸಿಂಪಡಿಸಿದ್ದು.

ಅಮೆರಿಕದ ಪಶು ಆಹಾರ ನಿಯಂತ್ರಣ ಅಧಿಕಾರಿಗಳ ಸಂಘ ‘ಆಫ್ಕೊ’ದ ಮಾದರಿ ನಿಯಮದಲ್ಲಿ ಹೆಸರಿಗೂ ಲೆಕ್ಕವಿದೆ. ಬರೀ ‘ಟ್ಯೂನಾ ಕ್ಯಾಟ್ ಫುಡ್’ ಎನ್ನಲು ನೀರು ಬಿಟ್ಟು 95% ಟ್ಯೂನಾ ಬೇಕು. ‘ಟ್ಯೂನಾ ಡಿನ್ನರ್’ಗೆ 25%, ‘ವಿತ್ ಟ್ಯೂನಾ’ಗೆ 3% ಸಾಕು. ‘ಫ್ಲೇವರ್’ ಎಂದರೆ ರುಚಿ ಗೊತ್ತಾದರೆ ಸಾಕು, ಪ್ರಮಾಣದ ಹಂಗಿಲ್ಲ. ಈ ನಿಯಮ ಭಾರತದ ಪ್ಯಾಕೆಟ್‌ಗಳನ್ನು ಕಟ್ಟಿಹಾಕುವುದಿಲ್ಲ. ಆದರೂ ಆಮದಾದ ಡಬ್ಬಿಗಳ ಹೆಸರಿನ ವರಸೆ ಅರ್ಥವಾಗಲು ಈ ಅಂಕಿಗಳು ನೆನಪಿರಲಿ.

ಡಬ್ಬಿಯಲ್ಲಿ ಪ್ರೋಟೀನ್ 9%, ಒಣ ಕಾಳಿನಲ್ಲಿ 30% ಅಂತಿದೆ. ಡಬ್ಬಿಯದು ಮೋಸವೇ?

ಅಲ್ಲ, ನೀರಿನ ವ್ಯತ್ಯಾಸ. ಡಬ್ಬಿಯಲ್ಲಿ ತೇವಾಂಶ 80% ಇದ್ದರೆ ಉಳಿದ ಒಣ ಭಾಗ 20. ಒಂಬತ್ತನ್ನು ಇಪ್ಪತ್ತರಿಂದ ಭಾಗಿಸಿದರೆ 45%. ಒಣ ಕಾಳಿನಲ್ಲಿ ತೇವಾಂಶ 10% ಇದ್ದರೆ ಮೂವತ್ತನ್ನು ತೊಂಬತ್ತರಿಂದ ಭಾಗಿಸಿ, ಸುಮಾರು 33% ಬರುತ್ತದೆ. ಆಫ್ಕೊ ಹೇಳುವ ಕನಿಷ್ಠ ಪ್ರಮಾಣ ಒಣ ಲೆಕ್ಕದಲ್ಲಿ ಬೆಳೆದ ಬೆಕ್ಕಿಗೆ 26%, ಮರಿಗೆ ಮತ್ತು ಗಬ್ಬದ ಬೆಕ್ಕಿಗೆ 30%. ಬೆಕ್ಕಿನ ಕಣ್ಣು, ಹೃದಯಕ್ಕೆ ಅನಿವಾರ್ಯವಾದ ಟಾರೀನ್ ಎಂಬ ಪೋಷಕಾಂಶ ಒಣ ಆಹಾರದಲ್ಲಿ 0.1%, ಡಬ್ಬಿಯಲ್ಲಿ 0.2% ಇರಬೇಕು.

‘ಬೈ–ಪ್ರಾಡಕ್ಟ್’ ಅಂದರೆ ಕಸವಲ್ಲವೇ? ಅದನ್ನು ಹಾಕಿದ ಆಹಾರ ಕೊಳ್ಳುವುದು ಸರಿಯೇ?

ಮೂಲದ ನ್ಯಾಯ ನೋಡುವವರು ಬೈ–ಪ್ರಾಡಕ್ಟ್ ಕಂಡರೆ ಮೂಗು ಮುರಿಯಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಕೋಳಿಯ ಗುಂಡಿಗೆ, ಪಿತ್ತಜನಕಾಂಗ, ಕತ್ತು, ಬೆನ್ನಿನ ಎಲುಬು, ಮೀನಿನ ತಲೆ ಮತ್ತು ಎಲುಬಿನ ಹಂದರ ಇವೆಲ್ಲ ಈ ಹೆಸರಿನಡಿ ಬರುತ್ತವೆ. ಇಲಿ ಹಿಡಿದ ಬೆಕ್ಕು ಬರೀ ತೊಡೆಯ ಮಾಂಸ ಕಿತ್ತು ತಿಂದು ಉಳಿದದ್ದನ್ನು ಬಿಡುವುದಿಲ್ಲ. ಗುಂಡಿಗೆಯಲ್ಲಿ ಟಾರೀನ್ ಸಾಮಾನ್ಯ ಮಾಂಸಕ್ಕಿಂತ ಹೆಚ್ಚಿರುತ್ತದೆ.

ಮನುಷ್ಯರಿಗಾಗಿ ಕೊಯ್ದ ಕೋಳಿಯಲ್ಲಿ ಉಳಿದ ಭಾಗವನ್ನು ಬೆಕ್ಕು ತಿಂದರೆ ಅದಕ್ಕಾಗಿ ಇನ್ನೊಂದು ಕೋಳಿ ಬೇಕಾಗುವುದಿಲ್ಲ. ‘ಹ್ಯೂಮನ್ ಗ್ರೇಡ್ ಬ್ರೆಸ್ಟ್ ಮೀಟ್’ ಎಂದು ಹೆಚ್ಚು ದುಡ್ಡಿಗೆ ಮಾರುವ ಪ್ಯಾಕೆಟ್ ಬಹುತೇಕ ಅದರ ತದ್ವಿರುದ್ಧ: ಮನುಷ್ಯರ ತಟ್ಟೆಯೊಂದಿಗೇ ಪೈಪೋಟಿ. ತಕರಾರು ಇರಬೇಕಾದದ್ದು ಹೆಸರಿಲ್ಲದ ಬೈ–ಪ್ರಾಡಕ್ಟ್ ಬಗ್ಗೆ. ‘ಪೌಲ್ಟ್ರಿ ಬೈ–ಪ್ರಾಡಕ್ಟ್ ಮೀಲ್’ ಎಂದರೆ ಕನಿಷ್ಠ ಹಕ್ಕಿಯದು ಎಂದಾದರೂ ಗೊತ್ತು. ‘ಮೀಟ್ ಅಂಡ್ ಅನಿಮಲ್ ಡಿರೈವೇಟಿವ್ಸ್’ ಎಂದರೆ ಯಾವ ಪ್ರಾಣಿ ಎಂಬುದೇ ತಿಳಿಯದು, ಈ ಬ್ಯಾಚಿಗೆ ಒಂದು, ಮುಂದಿನದಕ್ಕೆ ಇನ್ನೊಂದು ಆಗಿರಬಹುದು. ದನ ಅಥವಾ ಹಂದಿಯ ಅಂಶ ಮನೆಯೊಳಗೆ ಬೇಡ ಎನ್ನುವವರು ಇಂಥ ಪ್ಯಾಕೆಟ್ ಮುಟ್ಟದಿರುವುದೇ ಲೇಸು.

ಟ್ಯೂನಾ ಆಹಾರದ ಬಗ್ಗೆ ಇಷ್ಟೊಂದು ಆಕ್ಷೇಪ ಏಕೆ?

ಎರಡು ಬೇರೆ ಬೇರೆ ಕಾರಣಗಳಿವೆ, ಜನ ಅವನ್ನು ಕಲಸಿಬಿಡುತ್ತಾರೆ.

ಒಂದು, ದುಡಿಯುವವರ ಪಾಡು. ನಮ್ಮ ಅಂಗಡಿಗಳ ತೇವದ ಆಹಾರದಲ್ಲಿ ಸಾಕಷ್ಟು ಥಾಯ್ಲೆಂಡಿನಿಂದ ಬರುತ್ತದೆ. ಡಬ್ಬಿ ಮೀನಿನ ಉದ್ಯಮದಲ್ಲಿ ಆ ದೇಶ ದೊಡ್ಡದು. 2015ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ವರದಿಗಾರರು ಇಂಡೊನೇಷ್ಯಾದ ಬೆಂಜಿನಾ ಎಂಬ ದ್ವೀಪದ ಹಳ್ಳಿಯಲ್ಲಿ ಪಂಜರದೊಳಗೆ ಕೂಡಿಹಾಕಿದ್ದ ಮೀನುಗಾರರನ್ನು ಕಂಡರು. ಹೆಚ್ಚಿನವರು ಮ್ಯಾನ್ಮಾರ್‌ನವರು. ಅವರು ಹಿಡಿದ ಮೀನು ಥಾಯ್ಲೆಂಡಿನ ಮೂಲಕ ಸಾಗಿ ಸೂಪರ್‌ಮಾರ್ಕೆಟ್‌ಗೂ ಸಾಕುಪ್ರಾಣಿಗಳ ಆಹಾರಕ್ಕೂ ಸೇರುತ್ತಿತ್ತು. ಆ ವರದಿಗಳ ನಂತರ 2,000ಕ್ಕೂ ಹೆಚ್ಚು ಮಂದಿ ಬಿಡುಗಡೆಯಾದರು. ಮರುವರ್ಷ ಆ ವರದಿಗಳಿಗೆ ಪುಲಿಟ್ಜರ್ ಪತ್ರಿಕೋದ್ಯಮ ಪ್ರಶಸ್ತಿ ಬಂತು. 2015ರ ಏಪ್ರಿಲ್‌ನಲ್ಲಿ ಯುರೋಪಿಯನ್ ಒಕ್ಕೂಟ ಅಕ್ರಮ ಮೀನುಗಾರಿಕೆಗಾಗಿ ಥಾಯ್ಲೆಂಡಿಗೆ ‘ಹಳದಿ ಕಾರ್ಡ್’, ಅಂದರೆ ಅಧಿಕೃತ ಎಚ್ಚರಿಕೆ, ತೋರಿಸಿತು. ಕಾನೂನು, ಬೋಟುಗಳ ಮೇಲಿನ ನಿಗಾ ಸುಧಾರಿಸಿದ ಮೇಲೆ 2019ರ ಜನವರಿಯಲ್ಲಿ ಅದನ್ನು ಹಿಂತೆಗೆದುಕೊಂಡಿತು. ಆದ್ದರಿಂದ ‘ಮೇಡ್ ಇನ್ ಥಾಯ್ಲೆಂಡ್’ ಎಂದ ಕೂಡಲೇ ತಿರಸ್ಕರಿಸಬೇಕಿಲ್ಲ. ಆದರೆ ಯಾವ ಬೋಟು, ಯಾವ ಸಮುದ್ರ ಎಂದು ಕೇಳುವ ಹಕ್ಕು ನಿಮಗಿದೆ.

ಇನ್ನೊಂದು, ಹಿಡಿಯುವ ಬಗೆ. ಸಮುದ್ರದಲ್ಲಿ ತೇಲುವ ತೆಪ್ಪದಂಥ ಆಕರ್ಷಕಗಳನ್ನು ಬಿಟ್ಟು, ಅದರಡಿ ಸೇರಿದ್ದನ್ನೆಲ್ಲ ಪರ್ಸೀನ್ ಎಂಬ ಸುತ್ತುಬಲೆಯಲ್ಲಿ ಬಾಚಿದರೆ ಮರಿ ಟ್ಯೂನಾ, ಶಾರ್ಕ್ ಮರಿಗಳೂ ಬೀಳುತ್ತವೆ. ಗಾಳದ ಕೋಲಿನಿಂದ ಒಂದೊಂದಾಗಿ ಹಿಡಿಯುವ ಕ್ರಮದಲ್ಲಿ ಈ ಹಾನಿ ತೀರಾ ಕಡಿಮೆ. ಮಾಲ್ದೀವ್ಸ್‌ನ ಇಂಥ ಸ್ಕಿಪ್‌ಜ್ಯಾಕ್ ಮೀನುಗಾರಿಕೆಗೆ 2012ರಲ್ಲೇ ಎಂ.ಎಸ್.ಸಿ. ಎಂಬ ಪ್ರಮಾಣಪತ್ರ (ವಿವರ ಮುಂದಿನ ಉತ್ತರದಲ್ಲಿದೆ) ಸಿಕ್ಕಿದೆ. ನಮ್ಮ ಲಕ್ಷದ್ವೀಪದಲ್ಲೂ, ವಿಶೇಷವಾಗಿ ಮಿನಿಕಾಯ್‌ನಲ್ಲಿ, ಜೀವಂತ ಸಣ್ಣ ಮೀನು ಎರಚಿ ಕೋಲುಗಾಳದಿಂದ ಟ್ಯೂನಾ ಎತ್ತುವುದೇ ಹಳೆಯ ಪದ್ಧತಿ. ಅಲ್ಲಿಂದ ಮಂಗಳೂರಿಗೆ ಬರುವ ‘ಮಾಸ್’, ಅಂದರೆ ಬೇಯಿಸಿ ಹೊಗೆಯಲ್ಲಿ ಒಣಗಿಸಿದ ಟ್ಯೂನಾವನ್ನು ಮಾತ್ರ ಬೆಕ್ಕಿಗೆ ಹಾಕಬೇಡಿ. ಉಪ್ಪು ಜಾಸ್ತಿ.

ಡಬ್ಬಿ ಕಾರ್ಖಾನೆಯಲ್ಲಿ ಬಿಳಿ ಮಾಂಸ ಮನುಷ್ಯರ ಡಬ್ಬಿಗೆ ಹೋಗುತ್ತದೆ, ರಕ್ತವರ್ಣದ ಗಾಢ ಮಾಂಸವನ್ನು ಬೇರೆ ಮಾಡಿ ಬೆಕ್ಕಿನ ಆಹಾರಕ್ಕೆ ಬಳಸುತ್ತಾರೆ. ಹಾಗಾಗಿ ‘ರೆಡ್ ಮೀಟ್ ಟ್ಯೂನಾ’ ಎಂದಿರುವುದು ‘ವೈಟ್ ಮೀಟ್ ಟ್ಯೂನಾ’ಗಿಂತ ನಮ್ಮ ಲೆಕ್ಕದಲ್ಲಿ ಒಳ್ಳೆಯ ಆಯ್ಕೆ, ಬೆಲೆಯೂ ಕಡಿಮೆ.

ಯಾವ ಮುದ್ರೆಯನ್ನು ಎಷ್ಟು ನಂಬಬಹುದು?

ನೀಲಿ ಮೀನಿನ ಮುದ್ರೆ ‘ಎಂ.ಎಸ್.ಸಿ.’ಯದು, ಅಂದರೆ ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯದು. ಸಮುದ್ರದಲ್ಲಿ ಹಿಡಿದ ಮೀನಿಗೆ ಸಂಬಂಧಿಸಿದ್ದು. ಸಂತತಿ ಉಳಿದಿದೆಯೇ, ಬೇರೆ ಜೀವಿಗಳಿಗೆ ಹಾನಿಯೆಷ್ಟು, ನಿರ್ವಹಣೆ ಹೇಗಿದೆ ಎಂಬುದನ್ನು ಅಳೆಯುತ್ತದೆ. ಮುದ್ರೆಯ ಪಕ್ಕ ‘ಎಂಎಸ್‌ಸಿ–ಸಿ’ ಎಂದು ಶುರುವಾಗುವ ಸಂಖ್ಯೆ ಇರಬೇಕು. ಅವರ ಜಾಲತಾಣದಲ್ಲಿ ಅದನ್ನು ಹಾಕಿ ಪರೀಕ್ಷಿಸಬಹುದು. ಸಂಖ್ಯೆಯಿಲ್ಲದ ಮುದ್ರೆ ಬರೀ ಚಿತ್ರ. ಕಾರ್ಮಿಕರ ವಿಷಯಕ್ಕೆ ಇದೊಂದನ್ನೇ ನೆಚ್ಚಿಕೊಳ್ಳಬೇಡಿ.

‘ಎ.ಎಸ್.ಸಿ.’ ಸಾಕಿದ ಮೀನು–ಸೀಗಡಿಗೆ. ‘ಮರೈನ್‌ಟ್ರಸ್ಟ್’ ಮೀನುಪುಡಿ, ಮೀನೆಣ್ಣೆ ಕಾರ್ಖಾನೆಗಳಿಗೆ ಕೊಡುವ ಪ್ರಮಾಣಪತ್ರ. ಪ್ಯಾಕೆಟ್ ಮೇಲೆ ಕಾಣುವುದು ಅಪರೂಪ, ಕಂಪನಿಗೆ ಬರೆದು ಕೇಳಬೇಕು. ‘ಡಾಲ್ಫಿನ್ ಸೇಫ್’ ಅಮೆರಿಕದಲ್ಲಿ 1990ರಿಂದ ಚಾಲ್ತಿಯಲ್ಲಿದೆ. ಅದು ಹೇಳುವುದು ಡಾಲ್ಫಿನ್ ಬಗ್ಗೆ ಮಾತ್ರ. ಶಾರ್ಕ್, ಆಮೆ, ಬೋಟಿನಲ್ಲಿ ದುಡಿಯುವ ಮನುಷ್ಯ ಯಾರೂ ಅದರ ವ್ಯಾಪ್ತಿಯಲ್ಲಿಲ್ಲ.

ಮುದ್ರೆ ಇಲ್ಲದ್ದೆಲ್ಲ ಕೆಟ್ಟದ್ದು ಎಂದೇನಲ್ಲ. ಭಾರತದಲ್ಲಿ ಎಂ.ಎಸ್.ಸಿ. ಪಡೆದ ಮೊದಲ ಮೀನುಗಾರಿಕೆ ಕೇರಳದ ಅಷ್ಟಮುಡಿ ಹಿನ್ನೀರಿನ ಮರುವಾಯಿ ಎಂಬ ಚಿಪ್ಪುಮೀನಿನದು, ಅದೂ 2014ರಲ್ಲಿ. ಪ್ರಮಾಣಪತ್ರಕ್ಕೆ ಹಣ, ವರ್ಷಗಟ್ಟಲೆ ದಾಖಲೆ ಬೇಕು. ನಾಡದೋಣಿಯವರಿಗೆ ಅದು ಎಟುಕುವ ಮಾತಲ್ಲ.

ಭಾರತದಲ್ಲೇ ತಯಾರಾದದ್ದು ಕೊಂಡರೆ ಸಮಸ್ಯೆ ಮುಗಿಯಿತಲ್ಲವೇ?

ದೂರ ಕಡಿಮೆಯಾಗುತ್ತದೆ, ಪ್ರಶ್ನೆ ಉಳಿಯುತ್ತದೆ. ಕರಾವಳಿಯನ್ನೇ ನೋಡಿ. ಮಂಗಳೂರಿನ ದಕ್ಕೆಯಲ್ಲೋ ಮಲ್ಪೆ ಬಂದರಿನಲ್ಲೋ ಟ್ರಾಲ್ ಬೋಟು ಖಾಲಿಯಾಗುವಾಗ ಬಂಗುಡೆ, ಅಂಜಲ್, ಸೀಗಡಿ ಒಂದು ಕಡೆ ಹೋಗುತ್ತವೆ. ಬೆರಳುದ್ದದ ಮರಿಗಳು, ತಿನ್ನಲು ಬಾರದವು, ನಜ್ಜುಗುಜ್ಜಾದವು ಇನ್ನೊಂದು ಕಡೆ ರಾಶಿ ಬಿದ್ದು ಲಾರಿ ಸೇರುತ್ತವೆ. ಉಳ್ಳಾಲ, ಉಡುಪಿ ಕಡೆಯ ಫಿಶ್‌ಮಿಲ್‌ಗಳಿಗೆ ಹೋಗುವುದು ಈ ರಾಶಿ. ನೂರು ಕಿಲೊ ಹಸಿ ಮೀನಿಗೆ ಇಪ್ಪತ್ತರಿಂದ ಇಪ್ಪತ್ತೈದು ಕಿಲೊ ಪುಡಿ ಬರುತ್ತದೆ. ಅದರ ಹೆಚ್ಚಿನ ಪಾಲು ಸೀಗಡಿ, ಮೀನು ಮತ್ತು ಕೋಳಿ ಆಹಾರಕ್ಕೆ ಸಲ್ಲುತ್ತದೆ. ಸಾಕುಪ್ರಾಣಿ ಆಹಾರ ಚಿಕ್ಕ ಗಿರಾಕಿ, ಆದರೂ ಗಿರಾಕಿಯೇ.

ಮರಿ ಮೀನಿಗೂ ಬೆಲೆ ಬಂದರೆ ಅದನ್ನು ಹಿಡಿಯದೆ ಬಿಡಲು ಕಾರಣವೇ ಇರುವುದಿಲ್ಲ. ಬೂತಾಯಿಯ (ಸಾರ್ಡಿನ್) ಮರಿಗಳನ್ನು ಗುಡಿಸಿದರೆ ಮುಂದಿನ ವರ್ಷ ನಾಡದೋಣಿಯವರಿಗೂ ಇಲ್ಲ, ಮನೆಯ ಸಾರಿಗೂ ಇಲ್ಲ. ಪಕ್ಕದ ಕೇರಳ 2015ರಲ್ಲಿ ಕನಿಷ್ಠ ಅಳತೆ ಗೊತ್ತುಪಡಿಸಿತು: ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಪ್ರಖರ ದೀಪ ಹಾಕಿ ಹಿಡಿಯುವುದನ್ನೂ ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ.

ಹೀಗಾಗಿ ಪಟ್ಟಿಯಲ್ಲಿ ‘ಫಿಶ್ ಮೀಲ್’ ಎಂದಷ್ಟೇ ಇದ್ದರೆ ಕೇಳಬೇಕಾದದ್ದು: ಇದು ಮೀನು ಸಂಸ್ಕರಣಾ ಕಾರ್ಖಾನೆಯ ತಲೆ–ಎಲುಬಿನಿಂದ ಮಾಡಿದ್ದೋ, ಇಡೀ ಮೀನಿನಿಂದಲೋ? ಮೊದಲನೆಯದಾದರೆ ಚಿಂತೆಯಿಲ್ಲ.

ಹಾಗಾದರೆ ಕೋಳಿಯೇ ವಾಸಿಯೇ?

ದಿನಬಳಕೆಗೆ ಹೌದು. ಬೆಕ್ಕಿಗೆ ಮೀನು ಅನಿವಾರ್ಯವಲ್ಲ. ಅದು ಮರುಭೂಮಿಯ ಬೇಟೆಪ್ರಾಣಿಯ ವಂಶದ್ದು, ಸಮುದ್ರದ ಮೀನು ಅದರ ಸಹಜ ಬೇಟೆಯಲ್ಲ. ದಿನಾ ಕೋಳಿ ಆಧಾರಿತ ಆಹಾರ, ಆಗೀಗ ಮೀನು ಎಂದರೆ ಕಡಲಿನ ಪ್ರಶ್ನೆಯ ದೊಡ್ಡ ಪಾಲು ತಾನಾಗಿ ಕರಗುತ್ತದೆ.

ಕೋಳಿಯದ್ದು ಬೇರೆ ತಕರಾರು: ಇಕ್ಕಟ್ಟು, ಔಷಧ, ಸಾಗಣೆ. ಕೊನೆಯ ಹಂತದ ಆ್ಯಂಟಿಬಯೋಟಿಕ್ ಆದ ಕೊಲಿಸ್ಟಿನ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡಬಾರದೆಂದು ಭಾರತ 2019ರಲ್ಲಿ ಆದೇಶಿಸಿತು. ಬೇರೆ ಔಷಧಗಳ ಬಗ್ಗೆ ಕಂಪನಿಯನ್ನೇ ಕೇಳಬೇಕು. ‘ಕೇಜ್ ಫ್ರೀ’ ಎಂಬ ಮಾತಿಗೆ ಮಾತ್ರ ಮರುಳಾಗಬೇಡಿ. ಮಾಂಸದ ಬ್ರಾಯ್ಲರ್ ಕೋಳಿಗಳನ್ನು ನಮ್ಮಲ್ಲಿ ಸಾಮಾನ್ಯವಾಗಿ ಪಂಜರದಲ್ಲಿ ಸಾಕುವುದಿಲ್ಲ, ಭತ್ತದ ಹೊಟ್ಟು ಹಾಸಿದ ನೆಲದ ಮೇಲೆ ಸಾಕುತ್ತಾರೆ. ಪಂಜರ ಇರುವುದು ಮೊಟ್ಟೆ ಕೋಳಿಗೆ. ಬ್ರಾಯ್ಲರ್ ಮಾಂಸಕ್ಕೆ ‘ಕೇಜ್ ಫ್ರೀ’ ಎನ್ನುವುದು ಎಲ್ಲರೂ ಮಾಡುವುದನ್ನೇ ಹಿರಿಮೆಯಂತೆ ಹೇಳಿಕೊಂಡ ಹಾಗೆ. ಒಂದು ಚದರ ಮೀಟರಿನಲ್ಲಿ ಎಷ್ಟು ಕೋಳಿ ಎಂಬುದು ಉಪಯೋಗದ ಪ್ರಶ್ನೆ.

ಕಂಪನಿಗೆ ಬರೆಯುವಾಗ ಏನೆಂದು ಕೇಳಬೇಕು?

ಚಿಕ್ಕದಾಗಿ, ಬ್ಯಾಚ್ ಸಂಖ್ಯೆ ಹಾಕಿ ಬರೆಯಿರಿ. ‘ನಿಮ್ಮ ಉತ್ಪನ್ನ ನೈತಿಕವೇ?’ ಎಂದು ಕೇಳಿದರೆ ‘ಹೌದು, ನಾವು ಗುಣಮಟ್ಟಕ್ಕೆ ಬದ್ಧರು’ ಎಂಬ ಉತ್ತರ ಖಂಡಿತ. ಈ ಮಾದರಿ ಬಳಸಬಹುದು:

“ನಿಮ್ಮ ಇಂಥ ಆಹಾರದ ಇಂಥ ಬ್ಯಾಚ್ ನನ್ನ ಬಳಿ ಇದೆ. ಇದರಲ್ಲಿನ ಮೀನು ಯಾವ ಜಾತಿಯದು, ಯಾವ ಸಮುದ್ರ ಪ್ರದೇಶದ್ದು, ಯಾವ ಬಲೆಯಲ್ಲಿ ಹಿಡಿದದ್ದು? ಮೀನುಪುಡಿ ಇಡೀ ಮೀನಿನದೋ, ಸಂಸ್ಕರಣೆಯಲ್ಲಿ ಉಳಿದ ಭಾಗದ್ದೋ? ಕೋಳಿ ಯಾವ ರಾಜ್ಯದಿಂದ ಬರುತ್ತದೆ, ಸ್ವಂತ ಫಾರ್ಮೋ, ಗುತ್ತಿಗೆಯೋ? ಬೋಟು ಮತ್ತು ಕಾರ್ಖಾನೆಯ ಕಾರ್ಮಿಕರ ಸ್ಥಿತಿಯನ್ನು ಹೊರಗಿನವರು ತಪಾಸಣೆ ಮಾಡಿದ್ದಾರೆಯೇ, ಯಾರು? ಸೂತ್ರವನ್ನು ರೂಪಿಸಿದ ಪಶು ಪೌಷ್ಟಿಕ ತಜ್ಞರ ಅರ್ಹತೆ ಏನು?”

ಆಮದಾದ ಡಬ್ಬಿಯಾದರೆ ಆಮದುದಾರರಿಗೂ ಮೂಲ ಕಂಪನಿಗೂ ಎರಡು ಕಡೆ ಕಳಿಸಿ. ಉತ್ತರದಲ್ಲಿ ಜಾತಿ, ಜಾಗ, ಸಂಸ್ಥೆ ಇವುಗಳಲ್ಲಿ ಯಾವುದಾದರೂ ಎರಡರ ಹೆಸರು ಬಂದರೆ ಮೂಲದ ದಾಖಲೆ ಇದೆ ಎಂದರ್ಥ. ‘ವಿಶ್ವಾಸಾರ್ಹ ಪೂರೈಕೆದಾರರಿಂದ ತರಿಸುತ್ತೇವೆ’ ಎಂದಷ್ಟೇ ಬಂದರೆ ದಾಖಲೆ ಇಲ್ಲ, ಅಥವಾ ತೋರಿಸುವ ಮನಸ್ಸಿಲ್ಲ. ‘ಈ ಒಂದು ಪದಾರ್ಥದ ಮೂಲ ನಮಗೆ ಸಿಗುತ್ತಿಲ್ಲ’ ಎಂದು ನೇರವಾಗಿ ಬರೆದ ಕಂಪನಿಗೆ ಅಂಕ ಕೊಡಿ.

ನಮ್ಮದು ಶುದ್ಧ ಸಸ್ಯಾಹಾರಿ ಮನೆ. ಬೆಕ್ಕಿಗೂ ಹಾಲು, ಮೊಸರನ್ನವೇ. ಸಾಲದೇ?

ಸಾಲದು. ಇಲಿ, ಹಲ್ಲಿ, ಪಕ್ಕದ ಮನೆಯ ಮೀನಿನ ಮುಳ್ಳು ಸೇರಿಯೇ ಹಳೆಯ ಕಾಲದ ಮನೆಯ ಬೆಕ್ಕು ಮೊಸರನ್ನದಲ್ಲಿ ಬದುಕಿತ್ತು. ಫ್ಲ್ಯಾಟಿನೊಳಗೆ ಕೂಡಿಹಾಕಿದ ಬೆಕ್ಕಿಗೆ ಆ ದಾರಿ ಇಲ್ಲ.

ಟಾರೀನನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಕೊರತೆಯಾದರೆ ಅಕ್ಷಿಪಟಲ ಹಾಳಾಗುತ್ತದೆ, ಹೃದಯದ ಸ್ನಾಯು ಹಿಗ್ಗಿ ಸೋಲುತ್ತದೆ. ಹೃದ್ರೋಗಕ್ಕೂ ಟಾರೀನಿಗೂ ಇರುವ ಈ ನಂಟು 1987ರಲ್ಲಿ ಪ್ರಕಟವಾದ ಮೇಲೆಯೇ ಕಂಪನಿಗಳು ಪ್ರಮಾಣ ಹೆಚ್ಚಿಸಿದ್ದು. ಕ್ಯಾರೆಟ್, ಕುಂಬಳದ ಕ್ಯಾರೋಟಿನ್ ನಮ್ಮ ದೇಹದಲ್ಲಿ ವಿಟಮಿನ್ ಎ ಆಗುತ್ತದೆ, ಬೆಕ್ಕಿನಲ್ಲಿ ಆಗುವುದಿಲ್ಲ. ಅರಾಕಿಡೋನಿಕ್ ಆಮ್ಲವೂ ಪ್ರಾಣಿಯ ಕೊಬ್ಬಿನಿಂದಲೇ ಬರಬೇಕು. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಕುಡಿದರೆ ಭೇದಿ.

ಕೃತಕ ಟಾರೀನ್, ವಿಟಮಿನ್ ಸೇರಿಸಿದ ವೀಗನ್ ಆಹಾರ ಪರದೇಶಗಳಲ್ಲಿ ಸಿಗುತ್ತದೆ. ಮಾಂಸದ ಪ್ಯಾಕೆಟ್ಟಿಗೆ ಸೇರಿಸುವ ಟಾರೀನ್ ಕೂಡ ಬಹುತೇಕ ಕೃತಕವೇ, ಹಾಗಾಗಿ ಅದು ಅಸಾಧ್ಯವೆಂದು ತಳ್ಳಿಹಾಕುವಂತಿಲ್ಲ. ಆದರೆ ಸಸ್ಯಮೂಲದ ಆಹಾರದಲ್ಲಿ ಮೂತ್ರ ಕ್ಷಾರೀಯವಾಗಿ ಹರಳು ಕಟ್ಟುವ ಅಪಾಯವಿದೆ. ಗಂಡು ಬೆಕ್ಕಿನ ಮೂತ್ರನಾಳ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಪ್ರಾಣಕ್ಕೇ ಸಂಚಕಾರ. ಪಶುವೈದ್ಯರ ನಿಗಾ, ಮೂತ್ರ ಪರೀಕ್ಷೆ ಇಲ್ಲದೆ ಆ ದಾರಿ ಹಿಡಿಯಬೇಡಿ.

ಮನೆಯವರಿಗೆ ಮಾಂಸ ಮುಟ್ಟುವುದೇ ಕಷ್ಟವಾದರೆ ಒಣ ಕಾಳನ್ನು ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟು, ಬೇರೆ ಚಮಚ, ಬೇರೆ ಬಟ್ಟಲು ಇಟ್ಟುಕೊಂಡು ಅಡುಗೆಮನೆಯ ಹೊರಗೆ ಹಾಕಬಹುದು. ಅದೂ ಆಗದು ಎನ್ನುವವರು ಬೆಕ್ಕಿನ ಬದಲು ಮೊಲ ಸಾಕಬಹುದು. ಇದು ಕುಹಕವಲ್ಲ.

ಮಾರುಕಟ್ಟೆಯ ಮೀನಿನ ತಲೆ, ಕೋಳಿ ಅಂಗಡಿಯ ಗುಂಡಿಗೆ ತಂದು ಮನೆಯಲ್ಲೇ ಬೇಯಿಸಿ ಹಾಕಿದರೆ?

ಮೂಲ ಗೊತ್ತಿರುವ ಆಹಾರ ಬೇಕೆಂದರೆ ಇದಕ್ಕಿಂತ ನೇರ ದಾರಿ ಇಲ್ಲ. ದಡದಿಂದ ಬಲೆ ಎಳೆಯುವ ಕೈರಂಪಣಿಯವರ ಅಥವಾ ನಾಡದೋಣಿಯವರ ಮೀನು ಸಿಗುವ ಊರಿನವರಿಗೆ ಇನ್ನೂ ಸುಲಭ. ಆದರೆ ದಿನದ ಒಟ್ಟು ಕ್ಯಾಲರಿಯ 10% ಒಳಗಿರಲಿ. ನಾಲ್ಕು ಕಿಲೊ ತೂಕದ ಬೆಕ್ಕಿಗೆ ಅಂದರೆ ಮುಳ್ಳು ತೆಗೆದ ಬೇಯಿಸಿದ ಬಂಗುಡೆ ಸುಮಾರು 15 ಗ್ರಾಂ, ಹೆಬ್ಬೆರಳಿನಷ್ಟು ತುಂಡು. ಅದೂ ವಾರಕ್ಕೆ ಎರಡು ಸಲ ಸಾಕು.

ಉಪ್ಪು, ಈರುಳ್ಳಿ, ಬೆಳ್ಳುಳ್ಳಿ, ಹುಳಿ ಏನೂ ಹಾಕದೆ ಹತ್ತು ನಿಮಿಷ ಆವಿಯಲ್ಲಿ ಬೇಯಿಸಿ, ಬೆರಳಿನಿಂದ ಹಿಸುಕಿ ಮುಳ್ಳು ತೆಗೆಯಿರಿ. ಈರುಳ್ಳಿ–ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಹಾಗಾಗಿ ಮೀನಿನ ಸಾರಿನಿಂದ ತೆಗೆದ ತುಂಡು ಬೇಡ. ಬೇಯಿಸುವಾಗ ಟಾರೀನ್ ನೀರಿಗಿಳಿಯುತ್ತದೆ. ಕೋಳಿ ಗುಂಡಿಗೆ ಬೇಯಿಸಿದ ನೀರನ್ನು ಚೆಲ್ಲದೆ ಅದರೊಂದಿಗೇ ಕೊಡಿ. ಪಿತ್ತಜನಕಾಂಗ ವಾರಕ್ಕೊಮ್ಮೆ ಒಂದು ಸಣ್ಣ ತುಂಡು ಮಾತ್ರ, ಹೆಚ್ಚಾದರೆ ವಿಟಮಿನ್ ಎ ಅತಿಯಾಗಿ ಕತ್ತಿನ ಎಲುಬು ಬಿಗಿಯುತ್ತದೆ. ಬೇಯಿಸಿದ ಕೋಳಿ ಎಲುಬು ಸೀಳಿ ಚುಚ್ಚುತ್ತದೆ, ಕೊಡಲೇಬೇಡಿ.

ಹಸಿ ಮೀನನ್ನೇ ದಿನಾ ಹಾಕಿದರೆ ಕೆಲವು ಜಾತಿಗಳಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ವಿಟಮಿನ್ ಬಿ1 ಅನ್ನು ನಾಶಮಾಡುತ್ತದೆ. ಬೆಕ್ಕು ತೂರಾಡುತ್ತದೆ, ಕತ್ತು ಎದೆಗೆ ಬಾಗುತ್ತದೆ, ಕೊನೆಗೆ ಸೆಳವು. ಬೇಯಿಸಿದರೆ ಈ ಕಿಣ್ವ ಹೋಗುತ್ತದೆ. ಐಸಿಲ್ಲದೆ ಬಿಸಿಲಿನಲ್ಲಿಟ್ಟ ಬಂಗುಡೆ, ಬೂತಾಯಿಯಲ್ಲಿ ಹುಟ್ಟುವ ಹಿಸ್ಟಮಿನ್ ಮಾತ್ರ ಬೇಯಿಸಿದರೂ ಹೋಗದು. ಕಿವಿರು ಕಂದಿದ್ದರೆ, ಕಣ್ಣು ಗುಳಿ ಬಿದ್ದಿದ್ದರೆ ಬೆಕ್ಕಿಗೆ ಸಾಕು ಎಂದು ತರಬೇಡಿ.

ಪೂರ್ತಿ ಮನೆಯ ಅಡುಗೆಯಲ್ಲೇ ಸಾಕಬೇಕೆಂದರೆ ಕ್ಯಾಲ್ಸಿಯಂ, ಟಾರೀನ್, ವಿಟಮಿನ್ ಇ ಲೆಕ್ಕಹಾಕಿದ ಸೂತ್ರ ಬೇಕು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಕಡೆ ಪೌಷ್ಟಿಕ ವಿಭಾಗದವರನ್ನು ಕೇಳಿ ಬರೆಸಿಕೊಳ್ಳಿ. ಯೂಟ್ಯೂಬ್ ನೋಡಿ ಮಾಡುವ ಕೆಲಸವಲ್ಲ.

ಆಹಾರ ಕಂಪನಿಗಳು ಬೆಕ್ಕುಗಳ ಮೇಲೆ ಪ್ರಯೋಗ ಮಾಡುತ್ತವೆಯೇ?

ತಿನ್ನಿಸಿ ನೋಡುವ ಪರೀಕ್ಷೆ ಇದೆ. ಆಫ್ಕೊ ಕ್ರಮದಲ್ಲಿ ಬೆಳೆದ ಬೆಕ್ಕಿನ ಆಹಾರಕ್ಕೆ ಕನಿಷ್ಠ 8 ಬೆಕ್ಕುಗಳಿಗೆ 26 ವಾರ ಅದೊಂದೇ ಆಹಾರ ಕೊಟ್ಟು ತೂಕ, ರಕ್ತ ನೋಡುತ್ತಾರೆ. ಇದು ಕ್ರೌರ್ಯವಲ್ಲ; ಇಂಥ ಪರೀಕ್ಷೆಯಾದ ಆಹಾರದ ಮೇಲೆ ಭರವಸೆ ಹೆಚ್ಚು. ಬೆಕ್ಕುಗಳು ಮನೆಗಳಲ್ಲಿದ್ದವೋ ಪಂಜರದಲ್ಲಿದ್ದವೋ, ಪರೀಕ್ಷೆ ಮುಗಿದ ಮೇಲೆ ಎಲ್ಲಿಗೆ ಹೋದವು ಎಂದು ಕೇಳಿ. ‘ಕ್ರುಯೆಲ್ಟಿ ಫ್ರೀ’ ಎಂಬ ಮುದ್ರೆ ಸೋಪು, ಶಾಂಪೂವಿನ ಲೋಕದ್ದು. ಬೆಕ್ಕಿನ ಆಹಾರದ ಮೇಲೆ ಅದಕ್ಕೆ ಒಂದೇ ಅರ್ಥವಿಲ್ಲ.

ಹುಳುವಿನ ಪ್ರೋಟೀನ್, ಪ್ರಯೋಗಾಲಯದ ಮಾಂಸ?

ಕಪ್ಪು ಸೈನಿಕ ನೊಣದ ಮರಿಹುಳುವಿನ ಆಹಾರ ಯುರೋಪಿನಲ್ಲಿ ಮಾರಾಟದಲ್ಲಿದೆ; ಟಾರೀನ್ ಸೇರಿಸಿ ‘ಕಂಪ್ಲೀಟ್’ ಎಂದಿದ್ದರೆ ಪ್ರಯತ್ನಿಸಬಹುದು. ಕೋಶದಿಂದ ಬೆಳೆಸಿದ ಕೋಳಿಮಾಂಸದ ನಾಯಿ ತಿನಿಸು ಬ್ರಿಟನ್ನಿನಲ್ಲಿ 2025ರ ಫೆಬ್ರವರಿಯಲ್ಲಿ ಅಂಗಡಿಗೆ ಬಂತು.

ನನ್ನ ಬೆಕ್ಕಿಗೆ ದಿನಕ್ಕೆ ಎಷ್ಟು ಬೇಕು, ಎಷ್ಟು ಖರ್ಚು?

ಸಂತಾನಹರಣ ಮಾಡಿಸಿದ, ಮನೆಯೊಳಗೇ ಇರುವ 4 ಕಿಲೊ ಬೆಕ್ಕಿಗೆ ದಿನಕ್ಕೆ 200ರಿಂದ 240 ಕಿಲೊಕ್ಯಾಲರಿ. ಒಣ ಕಾಳು ನೂರು ಗ್ರಾಮಿಗೆ 360 ಕಿಲೊಕ್ಯಾಲರಿ ಇದ್ದರೆ ಸುಮಾರು 55ರಿಂದ 67 ಗ್ರಾಂ. ಅಡುಗೆಮನೆಯ ಚಿಕ್ಕ ತಕ್ಕಡಿಯಲ್ಲಿ ತೂಗಿ. ‘ಒಂದು ಲೋಟ’ ಎಂಬ ಅಳತೆಯಲ್ಲಿ ಲೋಟ ಬದಲಾದರೆ ಬೆಕ್ಕು ದಪ್ಪವಾಗುತ್ತದೆ. ಅಗತ್ಯಕ್ಕಿಂತ ಕಾಲುಭಾಗ ಹೆಚ್ಚು ಹಾಕುವ ಮನೆಯಲ್ಲಿ ನೀಲಿ ಮುದ್ರೆಯ ಮೀನು ತಂದೂ ಲಾಭವಿಲ್ಲ.

ಬೆಲೆಯನ್ನು ಕಿಲೊಗಲ್ಲ, ಕ್ಯಾಲರಿಗೆ ಹೋಲಿಸಿ. ಕಿಲೊಗೆ 450 ರೂಪಾಯಿಯ ಕಾಳಿನಲ್ಲಿ 3,600 ಕಿಲೊಕ್ಯಾಲರಿ ಇದ್ದರೆ 220ಕ್ಕೆ ಸುಮಾರು 28 ರೂಪಾಯಿ. 45 ರೂಪಾಯಿಯ 85 ಗ್ರಾಂ ಪೌಚಿನಲ್ಲಿ 70 ಇದ್ದರೆ ಅದೇ 220ಕ್ಕೆ 140 ರೂಪಾಯಿ ದಾಟುತ್ತದೆ. ಮುದ್ರೆಯಿರುವ ದುಬಾರಿ ಪೌಚ್ ದಿನಾ ಕೊಡಲಾಗದವರು ಒಳ್ಳೆಯ ಕೋಳಿ ಕಾಳಿನ ಜೊತೆ ವಾರಕ್ಕೆ ಮೂರು ಪೌಚ್ ಕೊಡಬಹುದು. ಬರೀ ಕಾಳು ತಿನ್ನುವ ಬೆಕ್ಕಿಗೆ ನೀರು ಎರಡು ಮೂರು ಕಡೆ, ಊಟದ ಬಟ್ಟಲಿನಿಂದ ದೂರ ಇಡಿ.

ಪೌಚಿನ ಪ್ಲಾಸ್ಟಿಕ್ ಏನಾಗುತ್ತದೆ?

ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರ ಅಂಟಿಸಿದ ಪೌಚನ್ನು ಗುಜರಿಯವರೂ ಕೊಳ್ಳುವುದಿಲ್ಲ. ತವರ, ಅಲ್ಯೂಮಿನಿಯಂ ಡಬ್ಬಿಗೆ ಬೆಲೆ ಇದೆ, ತೊಳೆದು ಒಣಗಿಸಿ ಕೊಡಿ. ಎರಡು ಬೆಕ್ಕಿರುವ ಮನೆಗೆ 400 ಗ್ರಾಂ ಡಬ್ಬಿ ಒಳ್ಳೆಯದು; ತೆರೆದದ್ದನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ.

ಲೂಸ್ ಕಾಳು ಅಗ್ಗಕ್ಕೆ ಸಿಗುತ್ತದೆ. ತರಬಹುದೇ?

ಬೇಡ. ದೊಡ್ಡ ಚೀಲ ಒಡೆದು ಕವರಿಗೆ ತುಂಬಿದಲ್ಲಿಗೆ ಬ್ಯಾಚ್ ಸಂಖ್ಯೆ, ಅವಧಿ, ತಯಾರಕ ಎಲ್ಲ ಹೋಯಿತು. ನಾಳೆ ಬೆಕ್ಕು ವಾಂತಿ ಮಾಡಿದರೆ ಯಾರನ್ನು ಕೇಳುತ್ತೀರಿ? ಗಾಳಿ ತಾಗಿದ ಕೊಬ್ಬು ಕಮಟು ಹಿಡಿಯುತ್ತದೆ, ಮಳೆಗಾಲದಲ್ಲಿ ಬೂಸ್ಟು ಬರುತ್ತದೆ. ಕೊಂಡ ಚೀಲವನ್ನೂ ಪ್ಲಾಸ್ಟಿಕ್ ಡಬ್ಬಕ್ಕೆ ಸುರಿಯದೆ, ಚೀಲದ ಸಮೇತ ಡಬ್ಬದೊಳಗಿಟ್ಟು ಬಾಯಿ ಕಟ್ಟಿ. ತೆರೆದ ಆರು ವಾರದೊಳಗೆ ಮುಗಿಯುವಷ್ಟು ದೊಡ್ಡದನ್ನೇ ತನ್ನಿ.

ಹೊಸ ಆಹಾರ ತಂದೆ, ಬೆಕ್ಕು ಮೂಸಿ ಹೊರಟುಹೋಯಿತು. ಹಸಿವಾದರೆ ತಿನ್ನುತ್ತದೆ ಎಂದು ಬಿಡಲೇ?

ಬಿಡಬೇಡಿ. ನಾಯಿಗೆ ನಡೆಯುವ ಈ ಹಟ ಬೆಕ್ಕಿಗೆ ಅಪಾಯ. ಎರಡು ಮೂರು ದಿನ ಉಪವಾಸ ಬಿದ್ದರೆ, ಅದರಲ್ಲೂ ದಪ್ಪ ಬೆಕ್ಕಾದರೆ, ಕೊಬ್ಬು ಯಕೃತ್ತಿಗೆ ನುಗ್ಗಿ ಕಾಮಾಲೆಯಾಗುತ್ತದೆ.

ಮೊದಲ ಮೂರು ದಿನ ಹಳೆಯದರಲ್ಲಿ ಕಾಲುಭಾಗ ಹೊಸದು, ಮುಂದಿನ ಮೂರು ದಿನ ಅರ್ಧ, ಆಮೇಲೆ ಮುಕ್ಕಾಲು. ಹತ್ತನೆಯ ದಿನಕ್ಕೆ ಪೂರ್ತಿ. ಹಟಮಾರಿ ಬೆಕ್ಕಿಗೆ ತಿಂಗಳೇ ಹಿಡಿದರೂ ಸರಿ. ತೇವದ ಆಹಾರವನ್ನು ಫ್ರಿಜ್ಜಿನಿಂದ ತೆಗೆದ ಹಾಗೇ ಕೊಡದೆ ಉಗುರುಬೆಚ್ಚಗೆ ಮಾಡಿ. ವಾಸನೆ ಎದ್ದರೆ ಮೂಗು ಒಪ್ಪುತ್ತದೆ. ಇಡೀ ಒಂದು ದಿನ ಏನೂ ತಿನ್ನದಿದ್ದರೆ ಹಳೆಯದಕ್ಕೆ ಮರಳಿ, ಆಗಲೂ ಮುಟ್ಟದಿದ್ದರೆ ವೈದ್ಯರಿಗೆ ತೋರಿಸಿ. ಹೊಸ ಆಹಾರದ ದೊಡ್ಡ ಚೀಲವನ್ನು ಮೊದಲೇ ತರದಿರುವುದು ಜಾಣತನ.

ಬೀದಿಯ ಏಳೆಂಟು ಬೆಕ್ಕುಗಳಿಗೆ ಊಟ ಹಾಕುತ್ತೇವೆ. ಇಷ್ಟೆಲ್ಲ ನೋಡಲು ನಮಗೆ ಶಕ್ತಿಯಿಲ್ಲ.

ನೋಡಬೇಕಾಗಿಯೂ ಇಲ್ಲ. ‘ಕಂಪ್ಲೀಟ್’ ಎಂದಿರುವ, ಕೋಳಿಯ ಹೆಸರಿರುವ ಅಗ್ಗದ ಕಾಳು ಸಾಕು. ಅನ್ನಕ್ಕೆ ಕೋಳಿ ಅಂಗಡಿಯ ಗುಂಡಿಗೆ ಬೇಯಿಸಿ ಕಲಸಿದರೂ ಹೊರಗೆ ಬೇಟೆಯಾಡುವ ಬೆಕ್ಕಿಗೆ ನಡೆಯುತ್ತದೆ. ಪ್ಯಾಕೆಟ್ಟಿನಲ್ಲಿ ಉಳಿಸಿದ ದುಡ್ಡನ್ನು ಹೆಣ್ಣು ಬೆಕ್ಕುಗಳ ಸಂತಾನಹರಣಕ್ಕೆ ಎತ್ತಿಡಿ. ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಹಾಕಿ, ಅರ್ಧ ಗಂಟೆಯಲ್ಲಿ ಬಟ್ಟಲು ಎತ್ತಿ. ಉಳಿದ ಊಟಕ್ಕೆ ಹೆಗ್ಗಣ ಬಂದರೆ ನೆರೆಯವರ ತಕರಾರು ಶುರುವಾಗುತ್ತದೆ, ಅದರ ಪೆಟ್ಟು ಬೀಳುವುದು ಬೆಕ್ಕುಗಳ ಮೇಲೆ.